ರೀಸ್ಟಾರ್ಟ್ ಮಾಡಿದರೂ ಮಳೆ ಲೆಕ್ಕ ತಪ್ಪಲಿಲ್ಲ: ಸಿಸ್ಟಮ್‌ಡಿ ಸಾಕೆಟ್ ಯೂನಿಟ್, ಒಂದು ಮಳೆಗಾಲ ಬಳಸಿದ ಮೇಲೆ

ಕಳೆದ ವರ್ಷ ಮಾರ್ಚ್‌ನ ಒಂದು ಬೆಳಗ್ಗೆ ಕೊಡಗಿನ ನಾಪೋಕ್ಲು ಕಡೆಯ ಒಂದು ಕಾಫಿ ತೋಟದಲ್ಲಿ ಸ್ಪ್ರಿಂಕ್ಲರ್ ಮೋಟಾರ್ ಶುರುವಾಯಿತು. ಹಿಂದಿನ ಸಂಜೆ ಅದೇ ತೋಟಕ್ಕೆ ಒಂದು ಇಂಚು ಹತ್ತು ಸೆಂಟ್ (ನೂರು ಸೆಂಟ್ ಅಂದರೆ ಒಂದು ಇಂಚು) ಮಳೆ ಬಿದ್ದಿತ್ತು. ಇಂಚು ಮೀರಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದ ಮೇಲೆ ರೋಬಸ್ಟಾಗೆ ಯಾರಾದರೂ ನೀರು ಹೊಡೆಯುತ್ತಾರಾ? ಹೊಡೆದರು. ಯಜಮಾನರು ಮಡಿಕೇರಿಯ ಮನೆಯಲ್ಲಿ ಕೂತು ನನ್ನ ಆ್ಯಪ್ ನೋಡಿದ್ದರು, ಅದರಲ್ಲಿ 28 ಸೆಂಟ್ ಅಂತ ಇತ್ತು. 28 ಸೆಂಟ್ ಅಂದರೆ ಮೊಗ್ಗು ಅರ್ಧಂಬರ್ಧ ಎದ್ದು ಒಣಗಿ ಹೋಗುವ ಮಳೆ. ಇಂಚು ತುಂಬಿಸಲು ಮೇಲಿಂದ ನೀರು ಕೊಡಲೇಬೇಕು. ರೈಟರ್ (ತೋಟದ ಲೆಕ್ಕ ಬರೆಯುವವರು) ಆವತ್ತು ರಜೆ, ಪಂಪ್ ನೋಡುವ ಹುಡುಗನಿಗೆ ಹೇಳಿದರೆ ಹೇಳಿದಷ್ಟೇ. ಎರಡು ಗಂಟೆ ಡೀಸೆಲ್ ಸುಟ್ಟ ಮೇಲೆ ಯಾರೋ ಕಣದ ಪಕ್ಕದ ಹಳೇ ಗಾಜಿನ ಗೇಜ್ ನೋಡಿ ಫೋನ್ ಮಾಡಿದರಂತೆ. ಆಮೇಲೆ ಫೋನ್ ಬಂದದ್ದು ನನಗೆ. ಆ ಮಾತುಕತೆ ಇಲ್ಲಿ ಬೇಡ.

ತಪ್ಪು ನನ್ನದೇ. ನಲವತ್ತೊಂದು ತೋಟಗಳಲ್ಲಿ ಮಳೆ ಅಳೆಯುವ ಡಬ್ಬಿ ಕೂರಿಸಿದ್ದೇನೆ. ಒಳಗೆ ತೂಗುಯ್ಯಾಲೆಯ ಹಾಗೆ ಎರಡು ಪುಟ್ಟ ಬಟ್ಟಲು ಇರುತ್ತವೆ. 0.01 ಇಂಚು, ಅಂದರೆ ನಮ್ಮ ಲೆಕ್ಕದ ಒಂದು ಸೆಂಟ್ ನೀರು ತುಂಬಿದರೆ ಬಟ್ಟಲು ಮಗುಚುತ್ತದೆ, ಎಣಿಕೆ ಒಂದು ಏರುತ್ತದೆ. ಗಂಟೆ ಹೊಡೆದ ತಕ್ಷಣ ಸಿಮ್ ಹಾಕಿದ ಮಾಡೆಮ್ ಎದ್ದು, ನನ್ನ ಸರ್ವರ್‌ಗೆ ಟಿಸಿಪಿ ಕನೆಕ್ಷನ್ ಮಾಡಿ, ಎಣಿಕೆ ಕಳಿಸಿ ಮತ್ತೆ ಮಲಗುತ್ತದೆ. ಸರ್ವರ್ ಕಡೆಯಿಂದ 'ಕನೆಕ್ಷನ್ ರೆಫ್ಯೂಸ್ಡ್' ಅಂತ ಬಂದರೂ ಅಷ್ಟೇ, ಎಣಿಕೆ ಸೊನ್ನೆ ಮಾಡಿಕೊಂಡು ಮಲಗುತ್ತದೆ! ಡಬ್ಬಿಯ ಒಳಗಿನ ಪ್ರೋಗ್ರಾಂ ದಡ್ಡ, ಒಪ್ಪಿದೆ. ಆದರೆ ಅದನ್ನು ಬದಲಿಸಬೇಕೆಂದರೆ ನಲವತ್ತೊಂದು ತೋಟಕ್ಕೆ ಜೀಪು ಹತ್ತಬೇಕು, ಅದರಲ್ಲಿ ಅರ್ಧಕ್ಕೆ ಜಿಗಣೆ ಜೊತೆ ಬರುತ್ತದೆ.

ಆ ಸಂಜೆ ಒಂದು ಸಣ್ಣ ತಪ್ಪು ತಿದ್ದಿ, ಸರಿಯಾಗಿ ಆರು ಗಂಟೆಗೆ ಸರ್ವರ್ ಪ್ರೋಗ್ರಾಂ ರೀಸ್ಟಾರ್ಟ್ ಮಾಡಿದೆ. ನನ್ನ ಪೈಥಾನ್ ಪ್ರೋಗ್ರಾಂ ಎದ್ದು ನಿಲ್ಲಲು ಎಂಟು ಸೆಕೆಂಡ್ ಬೇಕು, ವರ್ಷದ ಲೆಕ್ಕವನ್ನೆಲ್ಲ ಮೆಮೊರಿಗೆ ತುಂಬಿಕೊಳ್ಳುತ್ತದೆ. ಆ ಎಂಟು ಸೆಕೆಂಡಿನಲ್ಲೇ ಇಪ್ಪತ್ತಾರು ಡಬ್ಬಿಗಳು ಬಂದು ಬಾಗಿಲು ಮುಚ್ಚಿದ್ದು ನೋಡಿ ವಾಪಸ್ ಹೋದವು. ನಾಪೋಕ್ಲು ತೋಟದ 82 ಸೆಂಟ್ ಹೋದದ್ದು ಹೀಗೆ. ಏಳು ಗಂಟೆಗೆ ಬಂದ 28 ಮಾತ್ರ ಉಳಿಯಿತು.

ಅದಾದ ಮೇಲೆ ಒಂದು ವಾರ ಕೂತು ಹುಡುಕಿ, ಕೊನೆಗೆ ನಂಬಿದ್ದು ಸಿಸ್ಟಮ್‌ಡಿಯ ಸಾಕೆಟ್ ಯೂನಿಟ್ ಅನ್ನು. ಸಿಸ್ಟಮ್‌ಡಿ ಅಂದರೆ ಲಿನಕ್ಸ್‌ನಲ್ಲಿ ಬೇರೆ ಪ್ರೋಗ್ರಾಂಗಳನ್ನು ಎಬ್ಬಿಸಿ, ನಿಲ್ಲಿಸಿ ನೋಡಿಕೊಳ್ಳುವ ಪ್ರೋಗ್ರಾಂ. ಈಗ ಒಂದು ಪೂರ್ತಿ ಮಳೆಗಾಲ ಕಳೆದಿದೆ, ಕಕ್ಕಡದ (ಜುಲೈ-ಆಗಸ್ಟ್‌ನ) ಮಳೆಯಲ್ಲೂ ಓಡಿದೆ. ಹಾಗಾಗಿ ಬರೆಯುತ್ತಿದ್ದೇನೆ.

ಬೆಲೆ: ಸೊನ್ನೆ. ಲಿನಕ್ಸ್‌ನ ಡೆಬಿಯನ್, ಉಬುಂಟು ಎರಡೂ 2015ರಿಂದ ಸಿಸ್ಟಮ್‌ಡಿ ಜೊತೆಗೇ ಬರುತ್ತಿವೆ, ಅಂದರೆ ನಿಮ್ಮ ಸರ್ವರ್‌ನಲ್ಲಿ ಇದು ಈಗಾಗಲೇ ಕೂತಿರುತ್ತದೆ. ಹೊಸ ಐಡಿಯಾನೂ ಅಲ್ಲ. ಯುನಿಕ್ಸ್‌ನಲ್ಲಿ 1980ರ ದಶಕದಲ್ಲೇ ಐನೆಟ್‌ಡಿ ಅಂತ ಇತ್ತು, ಆಪಲ್‌ನವರು 2005ರಲ್ಲಿ ಲಾಂಚ್‌ಡಿ ತಂದರು, ಸಿಸ್ಟಮ್‌ಡಿ ಬಂದದ್ದು 2010ರಲ್ಲಿ. ನಾನು ಇಷ್ಟು ವರ್ಷ, ಪ್ರೋಗ್ರಾಂ ಹೇಗೆ ಎಬ್ಬಿಸಬೇಕು ಅಂತ ಸಿಸ್ಟಮ್‌ಡಿಗೆ ಹೇಳುವ ಸರ್ವಿಸ್ ಫೈಲ್ ಮಾತ್ರ ಬರೆದುಕೊಂಡು, ಪಕ್ಕದಲ್ಲೇ ಇದ್ದ ಸಾಕೆಟ್ ಫೈಲ್ ಕಡೆ ತಿರುಗಿಯೂ ನೋಡಿರಲಿಲ್ಲ.

ಇದು ಮಾಡುವ ಕೆಲಸ ಅರ್ಥವಾಗಬೇಕಾದರೆ ಕುಯ್ಲಿನ ಸಮಯದ ಸಂಜೆ ನೆನಪು ಮಾಡಿಕೊಳ್ಳಿ. ಆಳುಗಳು ಹಣ್ಣಿನ ಚೀಲ ಹೊತ್ತು ಕಣಕ್ಕೆ ಬರುತ್ತಾರೆ, ರೈಟರ್ ಕೂತು ಒಬ್ಬೊಬ್ಬರದೇ ತೂಕ ಬರೆದುಕೊಳ್ಳುತ್ತಾರೆ. ಈಗ ರೈಟರ್ ಬದಲಾಗಬೇಕು ಅಂದುಕೊಳ್ಳಿ. ಕಣದ ಗೇಟಿನ ಬೀಗದ ಕೈ ರೈಟರ್ ಜೇಬಲ್ಲೇ ಇದ್ದರೆ, ಎದ್ದು ಹೋಗುವಾಗ ಅವರು ಗೇಟು ಹಾಕಿಕೊಂಡೇ ಹೋಗುತ್ತಾರೆ, ಸಾಲಲ್ಲಿ ನಿಂತವರನ್ನೂ ಹೊರಗೆ ಹಾಕಿ. ಅದೇ ಗೇಟು ವಾಚ್‌ಮ್ಯಾನ್ ಕೈಯಲ್ಲಿದ್ದರೆ? ರೈಟರ್ ಎದ್ದು ಹೋದರೂ ಗೇಟು ತೆರೆದೇ ಇರುತ್ತದೆ. ಜನ ಬಂದು ಚೀಲ ಇಳಿಸಿ ಸಾಲಲ್ಲಿ ನಿಲ್ಲುತ್ತಾರೆ. ಹೊಸ ರೈಟರ್ ಬಂದು ಕನ್ನಡಕ ಹಾಕಿಕೊಂಡು 'ಹ್ಞಾ, ಯಾರು ಮೊದಲು' ಅಂತಾರೆ. ಸ್ವಲ್ಪ ತಡವಾಯಿತು ಅಷ್ಟೇ, ಯಾರೂ ವಾಪಸ್ ಹೋಗಲಿಲ್ಲ.

ಸಾಮಾನ್ಯವಾಗಿ ಪೋರ್ಟ್ (ಕನೆಕ್ಷನ್ ಬಂದು ತಟ್ಟುವ ನಂಬರ್) ತೆರೆದು ಕಾಯುವ ಸಾಕೆಟ್, ಅಂದರೆ ಆ ಗೇಟು, ನಮ್ಮ ಪ್ರೋಗ್ರಾಂ ಕೈಯಲ್ಲಿ ಇರುತ್ತದೆ. ಪ್ರೋಗ್ರಾಂ ಸತ್ತರೆ ಸಾಕೆಟ್ಟೂ ಸಾಯುತ್ತದೆ, ಅದರ ಕ್ಯೂನಲ್ಲಿ ಕಾಯುತ್ತಿದ್ದವರಿಗೆ ಕರ್ನಲ್ (ಲಿನಕ್ಸ್‌ನ ಒಳತಿರುಳು) ರೀಸೆಟ್, ಅಂದರೆ ಕನೆಕ್ಷನ್ ಕಡಿಯಿತು ಅನ್ನುವ ಸಂದೇಶ, ಕಳಿಸಿಬಿಡುತ್ತದೆ. ಸಾಕೆಟ್ ಯೂನಿಟ್‌ನಲ್ಲಿ ಪೋರ್ಟ್ ತೆರೆಯುವುದು ಸಿಸ್ಟಮ್‌ಡಿ. ನಮ್ಮ ಪ್ರೋಗ್ರಾಂಗೆ ಅದು ತೆರೆದ ಸಾಕೆಟ್ಟನ್ನು ಕೈಗೆ ಕೊಡುತ್ತದೆ, ತನ್ನ ಹತ್ತಿರವೂ ಒಂದು ಹಿಡಿ ಇಟ್ಟುಕೊಂಡಿರುತ್ತದೆ. ನಮ್ಮ ಪ್ರೋಗ್ರಾಂ ಸತ್ತು ಹುಟ್ಟುವ ನಡುವೆ ಬಂದವರನ್ನು ಕರ್ನಲ್ಲೇ ಮಾತಾಡಿಸಿ ಕ್ಯೂನಲ್ಲಿ ನಿಲ್ಲಿಸುತ್ತದೆ. ನನಗೆ ತುಂಬಾ ಇಷ್ಟವಾದ ವಿಷಯ ಇದು: ಕನೆಕ್ಷನ್ ಕೂಡಿಸುವ ಟಿಸಿಪಿಯ ಮೂರು ಹೆಜ್ಜೆಯ ಹ್ಯಾಂಡ್‌ಶೇಕ್ ಮುಗಿಸಲು ನಮ್ಮ ಪ್ರೋಗ್ರಾಂ ಬೇಕಾಗಿಯೇ ಇಲ್ಲ. ಡಬ್ಬಿಗೆ ಕನೆಕ್ಷನ್ ಸಿಕ್ಕಿತು ಅಂತಲೇ ಅನ್ನಿಸುತ್ತದೆ. ಅದು ತನ್ನ ಎಣಿಕೆಯನ್ನೂ ಕಳಿಸಿಬಿಡುತ್ತದೆ, ಆ ನಾಲ್ಕಾರು ಬೈಟುಗಳು ಕರ್ನಲ್ ಬಫರ್‌ನಲ್ಲಿ ಕೂತು ಕಾಯುತ್ತವೆ. ನನ್ನ ಪ್ರೋಗ್ರಾಂ ಎಂಟು ಸೆಕೆಂಡ್ ಬಿಟ್ಟು ಎದ್ದು ಬಂದು ಓದಿಕೊಳ್ಳುತ್ತದೆ. ಡಬ್ಬಿ ಉತ್ತರಕ್ಕೆ ಹದಿನೈದು ಸೆಕೆಂಡ್ ಕಾಯುತ್ತದೆ, ಹಾಗಾಗಿ ಬಚಾವ್.

ಸೆಟಪ್ ಒಂದು ಸಂಜೆಯ ಕೆಲಸ. ಎರಡು ಫೈಲ್: ಒಂದು ಸಾಕೆಟ್, ಒಂದು ಸರ್ವಿಸ್, ಎರಡಕ್ಕೂ ಒಂದೇ ಹೆಸರು. ಸಾಕೆಟ್ ಫೈಲ್‌ನಲ್ಲಿ ಲಿಸನ್‌ಸ್ಟ್ರೀಮ್ ಅಂತ ಬರೆದು ಪೋರ್ಟ್ ನಂಬರ್ ಹಾಕಿದರೆ ಮುಖ್ಯ ಕೆಲಸ ಮುಗಿಯಿತು. ಪ್ರೋಗ್ರಾಂ ಕಡೆ ಬದಲಾವಣೆ ನಾಲ್ಕು ಸಾಲು. ತಾನೇ ಪೋರ್ಟ್ ಹಿಡಿಯುವುದು (ಬೈಂಡ್) ಬಿಟ್ಟು, 3ನೇ ನಂಬರಿನ ಫೈಲ್ ಡಿಸ್ಕ್ರಿಪ್ಟರ್ (ತೆರೆದಿರುವ ಫೈಲ್ ಅಥವಾ ಸಾಕೆಟ್‌ನ ಗುರುತಿನ ಸಂಖ್ಯೆ) ತೆಗೆದುಕೊಂಡು ಅದನ್ನೇ ಸಾಕೆಟ್ ಅಂತ ಬಳಸಬೇಕು. 0, 1, 2 ಯಾವಾಗಲೂ ಇನ್‌ಪುಟ್, ಔಟ್‌ಪುಟ್, ಎರರ್‌ಗೆ ಹೋಗುತ್ತವೆ, ಹಾಗಾಗಿ ಮೂರರಿಂದ ಶುರು. ಎಷ್ಟು ಸಾಕೆಟ್ ಕೊಟ್ಟಿದೆ ಅನ್ನುವುದು ಲಿಸನ್ ಎಫ್‌ಡಿಎಸ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಬರುತ್ತದೆ. ಇನ್ನೊಂದು ಲಾಭ, 1024ಕ್ಕಿಂತ ಕೆಳಗಿನ ಪೋರ್ಟ್ ಬೇಕಾದರೂ ಪ್ರೋಗ್ರಾಂಗೆ ರೂಟ್ ಅನುಮತಿ ಕೊಡಬೇಕಿಲ್ಲ. ಆ್ಯಕ್ಸೆಪ್ಟ್ ಅನ್ನುವ ಆಯ್ಕೆ ಮಾತ್ರ 'ನೋ' ಅಂತಲೇ ಇರಲಿ. 'ಯೆಸ್' ಅಂದರೆ ಪ್ರತಿ ಕನೆಕ್ಷನ್‌ಗೂ ಒಂದೊಂದು ಪ್ರೋಗ್ರಾಂ ಎಬ್ಬಿಸುತ್ತದೆ, ಹಳೇ ಐನೆಟ್‌ಡಿ ಥರ. ಎಂಟು ಸೆಕೆಂಡ್ ತಿನ್ನುವ ನನ್ನ ಪ್ರೋಗ್ರಾಂ ನಲವತ್ತೊಂದು ಸಲ ಎದ್ದರೆ ಸರ್ವರ್ ಮಲಗುತ್ತದೆ.

ನಂಬಿಕೆ ಬರಲು ಕಣ್ಣಾರೆ ನೋಡಬೇಕಿತ್ತು. ಸೆಕೆಂಡಿಗೆ ನಾಲ್ಕು ಸಲ ಕನೆಕ್ಟ್ ಮಾಡುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದು ಬಿಟ್ಟೆ. ಇನ್ನೊಂದು ಕಿಟಕಿಯಲ್ಲಿ ಸಾಕೆಟ್‌ಗಳ ಸ್ಥಿತಿ ತೋರಿಸುವ ಎಸ್‌ಎಸ್ ಕಮಾಂಡ್ ಹಾಕಿ, ಲಿಸನ್ ಆಗಿರುವ ಸಾಕೆಟ್‌ನ ಸಾಲನ್ನು ಸೆಕೆಂಡಿಗೊಮ್ಮೆ ನೋಡುತ್ತಾ ಕೂತೆ. ಆ ಸಾಲಿನಲ್ಲಿ ರಿಸೀವ್ ಕ್ಯೂ ಅನ್ನುವ ಕಾಲಂ ಇದೆ, ಎಷ್ಟು ಕನೆಕ್ಷನ್ ಒಳಗೆ ಕರೆಸಿಕೊಳ್ಳಲು ಕಾಯುತ್ತಿವೆ ಅಂತ ಹೇಳುತ್ತದೆ. ಮಾಮೂಲಿ ಅದು ಸೊನ್ನೆ. ರೀಸ್ಟಾರ್ಟ್ ಒತ್ತಿದೆ. 0 ಇದ್ದದ್ದು 4 ಆಯಿತು. 8. 12. 16. ಎದೆ ಸ್ವಲ್ಪ ಹೊಡೆದುಕೊಂಡಿತು. 30 ದಾಟಿತು. ಆಮೇಲೆ ಒಂದೇ ಏಟಿಗೆ 0. ಸ್ಕ್ರಿಪ್ಟ್ ಕಡೆ ನೋಡಿದರೆ ಒಂದೂ ರೆಫ್ಯೂಸ್ಡ್ ಇಲ್ಲ, ಕೆಲವಕ್ಕೆ ಉತ್ತರ ಎಂಟು ಸೆಕೆಂಡ್ ತಡವಾಗಿದೆ ಅಷ್ಟೇ. ಐವತ್ತು ಸಲ ರೀಸ್ಟಾರ್ಟ್ ಮಾಡಿದೆ, ಮನೆಯವರು ಊಟಕ್ಕೆ ಕರೆದು ಕರೆದು ಸುಮ್ಮನಾದರು. ಐವತ್ತು ಸಲವೂ ಸೊನ್ನೆ.

ಆ ಕ್ಯೂಗೂ ಒಂದು ಮಿತಿ ಇದೆ. ಲಿನಕ್ಸ್ ಕರ್ನಲ್ 5.4ಕ್ಕಿಂತ ಮೊದಲು ಆ ಮಿತಿ ಹೇಳುವ ಸೋಮ್ಯಾಕ್ಸ್‌ಕಾನ್ ಅನ್ನುವ ಸೆಟ್ಟಿಂಗ್ ತಾನಾಗಿ 128 ಇರುತ್ತಿತ್ತು, ಈಗ 4096. ನನ್ನ ನಲವತ್ತೊಂದು ಡಬ್ಬಿಗೆ 128 ಕೂಡ ಜಾಸ್ತಿಯೇ. ಆದರೆ ಸೆಕೆಂಡಿಗೆ ಸಾವಿರ ಕನೆಕ್ಷನ್ ಬರುವ ಜಾಗದಲ್ಲಿ ಎಂಟು ಸೆಕೆಂಡ್ ಅಂದರೆ ಎಂಟು ಸಾವಿರ, ಅಲ್ವಾ? ಕ್ಯೂ ತುಂಬಿದರೆ ಕರ್ನಲ್ ಹೊಸಬರ ಸಿನ್ ಪ್ಯಾಕೆಟ್‌ಗಳನ್ನು (ಕನೆಕ್ಷನ್ ಕೇಳುವ ಮೊದಲ ಸಂದೇಶ) ಸುಮ್ನೆ ಕೆಳಗೆ ಬೀಳಿಸುತ್ತದೆ. ಅವರು ಒಂದು ಸೆಕೆಂಡ್ ಬಿಟ್ಟು ಮತ್ತೆ ಕಳಿಸುತ್ತಾರೆ, ಆಮೇಲೆ ಸಾಮಾನ್ಯವಾಗಿ ಕಾಯುವುದು ದುಪ್ಪಟ್ಟಾಗುತ್ತಾ ಹೋಗುತ್ತದೆ. ಅಂಥವರು ಮೊದಲು ತಮ್ಮ ಪ್ರೋಗ್ರಾಂ ಬೇಗ ಏಳುವ ಹಾಗೆ ಮಾಡಿಕೊಳ್ಳಬೇಕು.

ಇನ್ನು ನನಗೆ ಏಟು ಬಿದ್ದ ಜಾಗಗಳು.

ಮೊದಲನೆಯದು ನನ್ನದೇ ಹಳೇ ಕೋಡ್. ನಿಲ್ಲುವಾಗ ಅಚ್ಚುಕಟ್ಟಾಗಿ ನಿಲ್ಲಬೇಕು ಅಂತ ಯಾವುದೋ ಕಾಲದಲ್ಲಿ, ಲಿಸನ್ ಸಾಕೆಟ್ ಮೇಲೆ ಶಟ್‌ಡೌನ್ ಕರೆದು ಆಮೇಲೆ ಕ್ಲೋಸ್ ಮಾಡುವ ಎರಡು ಸಾಲು ಬರೆದಿದ್ದೆ. ಮೊದಲ ದಿನದ ಪರೀಕ್ಷೆಯಲ್ಲಿ ಹೊಸ ಪ್ರೋಗ್ರಾಂ ಏಳುತ್ತಿತ್ತು, ಆದರೆ ಕ್ಯೂನಲ್ಲಿದ್ದವರನ್ನು ಒಳಗೆ ಕರೆಸುವ ಆ್ಯಕ್ಸೆಪ್ಟ್ ಕರೆದ ಕೂಡಲೇ 'ಇನ್‌ವ್ಯಾಲಿಡ್ ಆರ್ಗ್ಯುಮೆಂಟ್' ಅಂತ ಬೀಳುತ್ತಿತ್ತು. ಕ್ಯೂನಲ್ಲಿದ್ದವರೆಲ್ಲ ಮಾಯ. ರಾತ್ರಿ ಒಂದು ಗಂಟೆಯವರೆಗೆ ತಲೆ ಕೆರೆದುಕೊಂಡೆ. ವಿಷಯ ಇಷ್ಟು: ಕ್ಲೋಸ್ ಅಂದರೆ ನಾನು ಕೈ ಬಿಟ್ಟೆ ಅಂತ, ಬೇರೆಯವರು ಹಿಡಿದಿದ್ದರೆ ಸಾಕೆಟ್ ಬದುಕಿರುತ್ತದೆ. ಶಟ್‌ಡೌನ್ ಅಂದರೆ ಸಾಕೆಟ್ಟನ್ನೇ ಮುಚ್ಚುವುದು, ಯಾರ್ಯಾರು ಹಿಡಿದಿದ್ದಾರೋ ಎಲ್ಲರಿಗೂ. ರೈಟರ್ ಮನೆಗೆ ಹೋಗುವಾಗ ವಾಚ್‌ಮ್ಯಾನ್ ಕೈಯಲ್ಲಿದ್ದ ಗೇಟನ್ನೂ ತಾನೇ ಎಳೆದು ಹಾಕಿ ಹೋದ ಹಾಗೆ. ಆ ಒಂದು ಸಾಲು ತೆಗೆದೆ, ಸರಿಹೋಯಿತು. ನೀವು ಬಳಸುವ ಲೈಬ್ರರಿ ನಿಲ್ಲುವಾಗ ಏನು ಮಾಡುತ್ತದೆ ಅಂತ ಒಮ್ಮೆ ನೋಡಿಕೊಳ್ಳಿ.

ಎರಡನೆಯದು ಜೂನ್‌ನಲ್ಲಿ. ಹೊಸ ಕೋಡ್‌ನಲ್ಲಿ ಒಂದು ಕಾಮಾ ಬಿಟ್ಟು ರೀಸ್ಟಾರ್ಟ್ ಮಾಡಿದೆ. ಪ್ರೋಗ್ರಾಂ ಎದ್ದ ಕೂಡಲೇ ಬಿತ್ತು. ಕ್ಯೂನಲ್ಲಿ ಜನ ಇದ್ದಾರಲ್ಲ, ಸಿಸ್ಟಮ್‌ಡಿ ಮತ್ತೆ ಎಬ್ಬಿಸಿತು, ಮತ್ತೆ ಬಿತ್ತು. ಹತ್ತು ಸೆಕೆಂಡಿನಲ್ಲಿ ಐದು ಸಲ ಎದ್ದು ಬಿದ್ದರೆ ಅದು ಕೈಚೆಲ್ಲುತ್ತದೆ, ಡಿಫಾಲ್ಟ್ ಲೆಕ್ಕ ಅದು. ಕೈಚೆಲ್ಲುವುದು ಸರ್ವಿಸ್ ಒಂದನ್ನೇ ಅಲ್ಲ, ಸಾಕೆಟ್ ಯೂನಿಟ್ಟನ್ನೂ ಫೇಲ್ ಅಂತ ಗುರುತು ಹಾಕಿ ಮುಚ್ಚಿಬಿಡುತ್ತದೆ. ಆಗ ಮತ್ತೆ ಅದೇ ಹಳೇ ರೆಫ್ಯೂಸ್ಡ್. ಕಾಮಾ ಹಾಕಿ ಸರ್ವಿಸ್ ಮಾತ್ರ ಎಬ್ಬಿಸಿದರೆ ಸಾಲದು, ಸಾಕೆಟ್ ಯೂನಿಟ್ಟನ್ನೂ ಎಬ್ಬಿಸಬೇಕು. ಇದು ಗೊತ್ತಾಗುವಷ್ಟರಲ್ಲಿ ಏಳು ಗಂಟೆಯ ಲೆಕ್ಕ ಹೋಗಿತ್ತು. ಪುಣ್ಯಕ್ಕೆ ಜೂನ್, ದಿನಕ್ಕೆ ಎರಡು ಮೂರು ಇಂಚು ಹೊಡೆಯುವಾಗ ಒಂದು ಗಂಟೆಯದು ಯಾರೂ ಕೇಳುವುದಿಲ್ಲ. ಈಗ ಆ ಮಿತಿಯನ್ನು ಏರಿಸಿಟ್ಟಿದ್ದೇನೆ, ರೀಸ್ಟಾರ್ಟ್‌ಗೆ ಮೊದಲು ಹೊಸ ಕೋಡನ್ನು ಬೇರೆ ಪೋರ್ಟ್‌ನಲ್ಲಿ ಒಮ್ಮೆ ಎಬ್ಬಿಸಿಯೂ ನೋಡುತ್ತೇನೆ.

ಮೂರನೆಯದನ್ನು ನಾನು ನಿಜವಾದ ಕೊರತೆ ಅಂತಲೇ ಹೇಳುತ್ತೇನೆ. ಸಿಸ್ಟಮ್‌ಡಿಯ ರೀಸ್ಟಾರ್ಟ್ ಅಂದರೆ ಹಳೆಯದು ಪೂರ್ತಿ ಸಾಯಬೇಕು, ಆಮೇಲೆ ಹೊಸದು ಹುಟ್ಟಬೇಕು. ಎರಡೂ ಒಟ್ಟಿಗೆ ಇರುವ ಕ್ಷಣ ಇಲ್ಲ. ಈಗಾಗಲೇ ಒಳಗೆ ಬಂದು ಅರ್ಧ ಮಾತಾಡಿದವರನ್ನು ಮುಗಿಸಿ ಕಳಿಸುವ ಜವಾಬ್ದಾರಿ ನಮ್ಮದೇ, ಸಾಕೆಟ್ ಯೂನಿಟ್‌ಗೆ ಅದರ ಗೊಡವೆ ಇಲ್ಲ. 'ನಿಲ್ಲು' ಅನ್ನುವ ಸಿಗ್‌ಟರ್ಮ್ ಸಿಗ್ನಲ್ ಬಂದಾಗ ಹೊಸಬರನ್ನು ಕರೆಯುವುದು ನಿಲ್ಲಿಸಿ, ಕೈಯಲ್ಲಿರುವವರನ್ನು ಮುಗಿಸಿ ಹೊರಡಬೇಕು ಅಂತ ಕೋಡ್ ಬರೆಯಬೇಕು. ಸರಿ, ಬರೆದೆ. ಆದರೆ ಯಾವುದೋ ಒಂದು ಡಬ್ಬಿ, ಕಾಡಂಚಿನ ಸಿಗ್ನಲ್ ಸಿಗದ ತೋಟದ್ದು, ಅರ್ಧ ಕಳಿಸಿ ಸುಮ್ಮನಾಗಿ ಬಿಟ್ಟರೆ? ಅದಕ್ಕಾಗಿ ಕಾಯುತ್ತಾ ಹಳೇ ಪ್ರೋಗ್ರಾಂ ಕೂತಿರುತ್ತದೆ, ಹೊರಗೆ ಎಲ್ಲರೂ ನಿಂತಿರುತ್ತಾರೆ. ಸಿಸ್ಟಮ್‌ಡಿ ಎಳೆದು ಹಾಕುವುದು 90 ಸೆಕೆಂಡ್ ಆದ ಮೇಲೆ. ಅಷ್ಟರಲ್ಲಿ ಮಿಕ್ಕ ಡಬ್ಬಿಗಳು ಹದಿನೈದು ಸೆಕೆಂಡ್ ಕಾದು ಮಲಗಿರುತ್ತವೆ. ಆ 90ನ್ನು ನಾನು 4ಕ್ಕೆ ಇಳಿಸಿದೆ. ಒಂದು ಡಬ್ಬಿಗಾಗಿ ನಲವತ್ತನ್ನು ಕಳೆದುಕೊಳ್ಳುವುದು ಬೇಡ.

ಬೇರೆ ಆಯ್ಕೆಗಳನ್ನು ನೋಡದೆ ಇದಕ್ಕೆ ಬಂದದ್ದಲ್ಲ. ಮೊದಲು ಮಾಡಿದ್ದು ರೀಯೂಸ್‌ಪೋರ್ಟ್. ಲಿನಕ್ಸ್ 3.9ರಲ್ಲಿ, 2013ರಲ್ಲಿ ಬಂದ ಸೌಕರ್ಯ, ಎರಡು ಪ್ರೋಗ್ರಾಂ ಒಂದೇ ಪೋರ್ಟ್ ಹಿಡಿಯಬಹುದು. ಹೊಸದನ್ನು ಎಬ್ಬಿಸಿ ಹಳೆಯದನ್ನು ನಿಲ್ಲಿಸಿದರೆ ಆಯಿತಲ್ಲ ಅಂದುಕೊಂಡೆ. ಆಗಲಿಲ್ಲ. ಅಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಕ್ಯೂ. ಹಳೆಯವನ ಕ್ಯೂನಲ್ಲಿ ನಿಂತವರು, ಅವನು ಎದ್ದು ಹೋದಾಗ ರೀಸೆಟ್ ತಿನ್ನುತ್ತಾರೆ. 2021ರ 5.14 ಕರ್ನಲ್‌ನಲ್ಲಿ ಅವರನ್ನು ಪಕ್ಕದ ಕ್ಯೂಗೆ ದಾಟಿಸುವ ಸೆಟ್ಟಿಂಗ್ ಬಂದಿದೆ, ಆದರೆ ಅದನ್ನು ನಾವೇ ಆನ್ ಮಾಡಬೇಕು, ನನ್ನ ಬಾಡಿಗೆ ಸರ್ವರ್‌ನ ಕರ್ನಲ್ ಆಗ ಅದಕ್ಕಿಂತ ಹಳೆಯದು.

ಬಂದ ಕನೆಕ್ಷನ್‌ಗಳನ್ನು ಹಲವು ಸರ್ವರ್‌ಗೆ ಹಂಚುವ ಪ್ರೋಗ್ರಾಂ ಎಚ್‌ಎಪ್ರಾಕ್ಸಿಯವರಿಗೂ ಇದೇ ತಲೆನೋವು ವರ್ಷಗಟ್ಟಲೆ ಇತ್ತು. 2015ರಲ್ಲಿ ಯೆಲ್ಪ್ ಕಂಪನಿಯ ಎಂಜಿನಿಯರ್‌ಗಳು, ರೀಲೋಡ್ ಆಗುವ ಅಷ್ಟು ಹೊತ್ತು ಸಿನ್ ಪ್ಯಾಕೆಟ್‌ಗಳನ್ನೇ ಕರ್ನಲ್‌ನಲ್ಲಿ ತಡೆದಿಟ್ಟು ಆಮೇಲೆ ಬಿಡುವ ಉಪಾಯ ಮಾಡಿದ್ದರು. ಓದಿ ನಕ್ಕುಬಿಟ್ಟೆ, ರೈಲ್ವೆ ಗೇಟ್ ಹಾಕಿದ ಹಾಗೆ. (ಕೊಡಗಿನಲ್ಲಿ ರೈಲೇ ಇಲ್ಲ, ಆದರೂ ಹೇಳಿದೆ.) 2017ರ 1.8 ಆವೃತ್ತಿಯಿಂದ ಹಳೇ ಎಚ್‌ಎಪ್ರಾಕ್ಸಿ ತನ್ನ ಸಾಕೆಟ್ಟುಗಳನ್ನು ಯುನಿಕ್ಸ್ ಸಾಕೆಟ್ ಮೂಲಕ ಹೊಸದರ ಕೈಗೇ ಕೊಡುತ್ತದೆ, ಸಮಸ್ಯೆ ಮುಗಿಯಿತು. ವೆಬ್ ಸರ್ವರ್ ಎನ್‌ಜಿನ್‌ಎಕ್ಸ್ ಈ ವಿಷಯದಲ್ಲಿ ಮೊದಲಿಂದಲೂ ಜಾಣ. ಹಪ್ ಸಿಗ್ನಲ್ ಕೊಟ್ಟರೆ ಮಾಸ್ಟರ್ ಹೊಸ ಕಾನ್ಫಿಗ್ ಓದಿ, ಅದರಲ್ಲಿ ತಪ್ಪಿದ್ದರೆ ಹಳೆಯದನ್ನೇ ಮುಂದುವರಿಸಿ, ಸರಿಯಿದ್ದರೆ ಹೊಸ ವರ್ಕರ್‌ಗಳನ್ನು ಎಬ್ಬಿಸಿ, ಹಳಬರಿಗೆ 'ಕೈಯಲ್ಲಿರುವ ಕೆಲಸ ಮುಗಿಸಿ ಹೋಗಿ' ಅನ್ನುತ್ತದೆ. ಪ್ರೋಗ್ರಾಂ ಫೈಲನ್ನೇ ಬದಲಿಸಬೇಕಾದರೆ ಯುಎಸ್‌ಆರ್2 ಸಿಗ್ನಲ್. ನನ್ನ ವೆಬ್ ಪುಟದ ಮುಂದೆ ಎನ್‌ಜಿನ್‌ಎಕ್ಸ್ ಇದೆ, ಇಷ್ಟು ದಿನದಲ್ಲಿ ಒಂದು ದೂರೂ ಇಲ್ಲ. ಆದರೆ ಅದು ತನ್ನ ಬಾಗಿಲು ಮಾತ್ರ ಕಾಯುತ್ತದೆ. ಹಿಂದೆ ನಿಂತ ನನ್ನ ಪೈಥಾನ್ ಸತ್ತಿದ್ದರೆ ಬಂದವರಿಗೆ 502 ಎರರ್ ತೋರಿಸುತ್ತದೆ. ಹಾಗಾಗಿ ಹಿಂದಿನವನಿಗೂ ಸಾಕೆಟ್ ಯೂನಿಟ್ ಬೇಕೇ ಬೇಕು.

ಐದರಲ್ಲಿ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಹಳೆಯದು ಹೊಸದು ಒಟ್ಟಿಗೆ ಇರಲು ಬಿಡುವುದಿಲ್ಲ ಅನ್ನುವುದಕ್ಕೆ. ಸಣ್ಣ ಸರ್ವರ್, ಚಿಕ್ಕ ಚಿಕ್ಕ ಕನೆಕ್ಷನ್, ಹತ್ತು ಸೆಕೆಂಡ್ ತಡ ಸಹಿಸುವ ಗಿರಾಕಿಗಳು ಇದ್ದರೆ ಕಣ್ಣು ಮುಚ್ಚಿ ಹಾಕಿ. ವೆಬ್‌ಸಾಕೆಟ್ ಥರ ಗಂಟೆಗಟ್ಟಲೆ ಹಿಡಿದುಕೊಂಡಿರುವ ಕನೆಕ್ಷನ್ ಇದ್ದರೆ ಇದು ಏನೂ ಮಾಡುವುದಿಲ್ಲ, ಅವು ಕಡಿದೇ ಹೋಗುತ್ತವೆ, ಮತ್ತೆ ಬಂದು ಸೇರಿಕೊಳ್ಳುವ ಹಾಗೆ ಆ ಕಡೆಯೇ ಬರೆದಿರಬೇಕು.

ಈ ವರ್ಷದ ಹೂಮಳೆ ಬಂದ ಸಂಜೆ ಬೇಕೂಂತಲೇ ಆರು ಗಂಟೆಗೆ ಸರಿಯಾಗಿ ರೀಸ್ಟಾರ್ಟ್ ಒತ್ತಿದೆ. ಹೆಂಡತಿಗೆ ಹೇಳಿದ್ದರೆ ಬೈಯುತ್ತಿದ್ದಳು. ನಲವತ್ತೊಂದೂ ಬಂದವು, ಕೊನೆಯದು ಆರು ಗಂಟೆ ಹನ್ನೊಂದು ಸೆಕೆಂಡಿಗೆ, ನಾಪೋಕ್ಲು ತೋಟದ್ದು, 94 ಸೆಂಟ್.

ಇದರಿಂದ ಆಗದ ಕೆಲಸ ಒಂದು ಉಳಿದಿದೆ, ಕರ್ನಲ್ ಅಪ್‌ಡೇಟ್. ಮೆಷಿನ್ನನ್ನೇ ರೀಬೂಟ್ ಮಾಡುವಾಗ ವಾಚ್‌ಮ್ಯಾನೂ ಮನೆಗೆ ಹೋಗುತ್ತಾನೆ. ಅದಕ್ಕೆ ಎರಡು ಸರ್ವರ್ ಬೇಕು, ನನ್ನ ಹತ್ತಿರ ಇರುವುದು ಒಂದು. ಸದ್ಯಕ್ಕೆ ಗಂಟೆ ಹೊಡೆದು ಹತ್ತು ನಿಮಿಷ ಆದ ಮೇಲೆ, ನಲವತ್ತೊಂದೂ ಬಂದಿವೆಯಾ ಅಂತ ಎಣಿಸಿಕೊಂಡು ಒತ್ತುತ್ತೇನೆ.